ಎರಡೂವರೆ ಗುಂಟೆಯ ಕಥೆ

‘ಅಲಾಟ್‌ಮೆಂಟ್’ ಎಂಬ ಮಾತು ಕಿವಿಗೆ ಬಿದ್ದರೆ ಬೆಂಗಳೂರಿನ ಗೃಹಸ್ಥನಿಗೆ ತಟ್ಟನೆ ನೆನಪಾಗುವುದು ನಿವೇಶನ. ಅರ್ಜಿ, ಠೇವಣಿ, ಪಟ್ಟಿಯಲ್ಲಿ ಹೆಸರು, ವರ್ಷಗಟ್ಟಲೆ ಕಾಯುವಿಕೆ, ಇವೆಲ್ಲ ಆ ಒಂದು ಮಾತಿನ ಹಿಂದೆ ಸಾಲಾಗಿ ಬರುತ್ತವೆ. ಇಂಗ್ಲೆಂಡಿನ ಪಟ್ಟಣವಾಸಿಯೂ ಇದೇ ಹೆಸರಿನ ವಸ್ತುವಿಗಾಗಿ ಅರ್ಜಿ ಹಾಕುತ್ತಾನೆ, ಪಟ್ಟಿಯಲ್ಲಿ ಹೆಸರು ಬರೆಸುತ್ತಾನೆ, ಕೆಲವು ಊರುಗಳಲ್ಲಿ ಹತ್ತಾರು ವರ್ಷ ಕಾಯುತ್ತಾನೆ. ಆದರೆ ಅವನಿಗೆ ಕೊನೆಗೆ ದೊರೆಯುವುದು ಮನೆ ಕಟ್ಟುವ ಜಾಗವಲ್ಲ. ಅದು ಗುದ್ದಲಿ ಹಿಡಿದು ಅಗೆಯಬೇಕಾದ ಒಂದು ತುಂಡು ನೆಲ. ಅದನ್ನು ಮಾರುವಂತಿಲ್ಲ, ಮಕ್ಕಳ ಹೆಸರಿಗೆ ಬರೆದಿಡುವಂತಿಲ್ಲ. ವರ್ಷಕ್ಕಿಷ್ಟು ಎಂದು ಗೇಣಿ ಕೊಟ್ಟು, ಮನೆಗೆ ಬೇಕಾದ ಕಾಯಿಪಲ್ಲೆ ಹಣ್ಣುಗಳನ್ನು ಬೆಳೆದುಕೊಳ್ಳಬಹುದು. ಅಷ್ಟಕ್ಕೇ ಆ ಜನ ಇಷ್ಟೊಂದು ಹಾತೊರೆಯುವುದೇಕೆ ಎಂದು ನಮಗೆ ಆಶ್ಚರ್ಯವಾದೀತು. ಅದರ ಉತ್ತರ ಇರುವುದು ಇತಿಹಾಸದಲ್ಲಿ.

ಮೊದಲು ಅಳತೆಯನ್ನು ತಿಳಿದುಕೊಳ್ಳೋಣ. ರೂಢಿಯಂತೆ ಒಂದು ಅಲಾಟ್‌ಮೆಂಟ್ ಎಂದರೆ ಹತ್ತು ಚದರ ‘ರಾಡ್’. ರಾಡ್ ಎಂಬುದು ಹದಿನಾರೂವರೆ ಅಡಿಯ ಹಳೆಯ ಅಳತೆಗೋಲು. ನಮ್ಮ ಗುಂಟೆ ಮೂವತ್ತಮೂರು ಅಡಿ ಉದ್ದ, ಅಷ್ಟೇ ಅಗಲ. ಅಂದರೆ ಸರಿಯಾಗಿ ನಾಲ್ಕು ಚದರ ರಾಡ್. ಹೀಗಾಗಿ ಇಂಗ್ಲೆಂಡಿನ ಅಲಾಟ್‌ಮೆಂಟ್ ನಮ್ಮ ಲೆಕ್ಕದಲ್ಲಿ ಒಂದು ಕಾಸೂ ಹೆಚ್ಚುಕಡಿಮೆಯಿಲ್ಲದೆ ಎರಡೂವರೆ ಗುಂಟೆ. ನಲವತ್ತು ಅರವತ್ತರ ಒಂದು ನಿವೇಶನಕ್ಕಿಂತ ತುಸು ದೊಡ್ಡದು.

ಈ ಎರಡೂವರೆ ಗುಂಟೆಗೆ ಜೀವ ಬರುವುದು ವಸಂತದಲ್ಲಿ. ನಮ್ಮ ವಸಂತವೆಂದರೆ ಮಾವಿನ ಚಿಗುರು, ಹೊಂಗೆಯ ನೆರಳು, ಬೇವುಬೆಲ್ಲ. ಅಲ್ಲಿಯ ವಸಂತವೆಂದರೆ ಚಳಿಗೆ ಬಿಗಿದುಹೋದ ಮಣ್ಣು ಮೆತ್ತಗಾಗುವ ಕಾಲ. ಫೆಬ್ರವರಿಯಲ್ಲೇ ಬಿತ್ತನೆಯ ಆಲೂಗಡ್ಡೆಗಳನ್ನು ಮೊಟ್ಟೆಯ ಪೆಟ್ಟಿಗೆಗಳಲ್ಲಿ ನಿಲ್ಲಿಸಿ, ಮೊಳಕೆ ಬರಲೆಂದು ಕಿಟಕಿಯ ಬಳಿ ಇಡುತ್ತಾರೆ. ಮಾರ್ಚಿಯಲ್ಲಿ ಈರುಳ್ಳಿಯ ಸಣ್ಣ ಗಡ್ಡೆಗಳು, ಬಟಾಣಿ, ನಮ್ಮ ಅವರೆಯ ದೂರದ ನೆಂಟನಂಥ ಅಗಲ ಬೀನ್ಸು ನೆಲ ಸೇರುತ್ತವೆ. ಹಣ್ಣಿನ ಜಾಗದಲ್ಲಿ ಮೊದಲು ಕೈಗೆ ಬರುವುದು ರೂಬಾರ್ಬ್. ಅದು ನಿಜವಾಗಿ ಹಣ್ಣಲ್ಲ, ಹುಳಿಯಾದ ಕೆಂಪು ದಂಟು. ಸಕ್ಕರೆ ಹಾಕಿ ಬೇಯಿಸಿ ಹಣ್ಣೆಂದೇ ತಿನ್ನುತ್ತಾರೆ. ಮೇ ತಿಂಗಳ ನಡುವಿನವರೆಗೂ ಹಿಮದ ಭಯ ತಪ್ಪಿದ್ದಲ್ಲ. ಒಂದು ರಾತ್ರಿ ನೆಲ ಹೆಪ್ಪುಗಟ್ಟಿದರೆ ಎಳೆಯ ಹುರುಳಿಕಾಯಿ ಗಿಡ ಬೆಳಗಾಗುವುದರೊಳಗೆ ಕಪ್ಪಾಗಿ ಬಿದ್ದಿರುತ್ತದೆ.

ಆಲೂಗಡ್ಡೆ ನೆಡುವುದಕ್ಕೆ ಅಲ್ಲಿ ಒಂದು ಮುಹೂರ್ತವೂ ಉಂಟು. ಅದು ಗುಡ್ ಫ್ರೈಡೇ. ಆ ಹಬ್ಬ ಒಂದು ವರ್ಷ ಮಾರ್ಚಿಯಲ್ಲಿ ಬಂದರೆ ಇನ್ನೊಂದು ವರ್ಷ ಏಪ್ರಿಲ್‌ನಲ್ಲಿ ಬರುತ್ತದೆ. ಹೀಗಿರುವಾಗ ಬೇಸಾಯಕ್ಕೂ ಅದಕ್ಕೂ ಏನು ಸಂಬಂಧ? ಭಕ್ತಿಯ ಕಾರಣ ಹೇಳುವವರಿದ್ದಾರೆ. ಇನ್ನೊಂದು ಕಾರಣ ಸರಳವಾದದ್ದು. ವಾರದ ಆರು ದಿನವೂ ಕೂಲಿಕಾರನ ಮೈ ಧಣಿಯ ಹೊಲಕ್ಕೆ ಮೀಸಲು. ಏಳನೆಯ ದಿನ ದೇವರದು. ಆ ದಿನ ಗುದ್ದಲಿ ಮುಟ್ಟುವುದು ನಿಷಿದ್ಧ. ವಸಂತಕಾಲದಲ್ಲಿ ಅವನಿಗೆ ತನ್ನದೆಂದು ಸಿಗುತ್ತಿದ್ದ ಬಿಡುವಿನ ಹಗಲು ಅದೊಂದೇ. ಮುಹೂರ್ತವನ್ನು ಗೊತ್ತುಮಾಡಿದ್ದು ಪಂಚಾಂಗವಲ್ಲ, ಬಡತನ.

ಈ ಬಡತನ ಎಲ್ಲಿಂದ ಬಂತು? ಹಿಂದೆ ಇಂಗ್ಲೆಂಡಿನ ಹಳ್ಳಿಗಳಿಗೂ ನಮ್ಮ ಗೋಮಾಳ, ಗುಂಡುತೋಪುಗಳಂಥ ಸಾಮಾನ್ಯ ಭೂಮಿ ಇತ್ತು. ಅದರ ಒಡೆತನ ಜಮೀನ್ದಾರನದೇ ಆದರೂ ಹಸು ಮೇಯಿಸುವ, ಬಾತು ಬಿಡುವ, ಸೌದೆ ಆಯುವ ಹಕ್ಕು ಹಳ್ಳಿಯವರದಾಗಿತ್ತು. ಗುಡಿಸಲಿನವನಿಗೆ ಒಂದು ಹಸು ಇದ್ದರೆ ಅವನು ಅರ್ಧ ಸ್ವತಂತ್ರ. ಈ ಭೂಮಿಗೆ ಬೇಲಿ ಹಾಕಿ ಒಬ್ಬೊಬ್ಬರ ಖಾಸಗಿ ಸ್ವತ್ತಾಗಿ ಮಾಡುವ ಕೆಲಸ ಬಹಳ ಹಿಂದೆಯೇ ಮೊದಲಾಗಿತ್ತು. ಅದನ್ನು ಎದುರಿಸಿದ ಒಂದು ಪ್ರಸಂಗ ಮರೆಯಲಾಗದಂಥದು. 1649ರ ಜನವರಿಯಲ್ಲಿ ಇಂಗ್ಲೆಂಡಿನ ಜನ ತಮ್ಮ ರಾಜ ಮೊದಲನೆಯ ಚಾರ್ಲ್ಸನ ತಲೆ ತೆಗೆದಿದ್ದರು. ಅದೇ ಏಪ್ರಿಲ್ 1ರಂದು ಸರ್ರೆ ಸೀಮೆಯ ಸೇಂಟ್ ಜಾರ್ಜ್ಸ್ ಹಿಲ್ ಎಂಬ ಬೋಳುಗುಡ್ಡವನ್ನು ಬೆರಳೆಣಿಕೆಯ ಬಡವರು ಅಗೆಯಲು ತೊಡಗಿದರು. ಜೆರಾರ್ಡ್ ವಿನ್‌ಸ್ಟ್ಯಾನ್ಲಿ ಎಂಬಾತ ಅವರ ಮುಂದಾಳು. ವ್ಯಾಪಾರದಲ್ಲಿ ಸೋತ ಬಟ್ಟೆ ವರ್ತಕ. ಭೂಮಿ ಎಲ್ಲರಿಗೂ ಸೇರಿದ ಸಾಮಾನ್ಯ ಭಂಡಾರ ಎಂಬುದು ಅವನ ವಾದ. ಅವರು ಮಾಡಿದ ‘ಕ್ರಾಂತಿ’ಯಾದರೂ ಏನು? ಕ್ಯಾರೆಟ್, ಬೀನ್ಸು, ಮತ್ತು ಕ್ಯಾರೆಟ್ಟನ್ನೇ ಹೋಲುವ ಪಾರ್ಸ್ನಿಪ್ ಎಂಬ ಬಿಳಿಯ ಗೆಡ್ಡೆ, ಇವುಗಳ ಬೀಜ ಬಿತ್ತಿದರು. ಜನ ಅವರನ್ನು ‘ಡಿಗ್ಗರ್ಸ್’, ಎಂದರೆ ಅಗೆಯುವವರು ಎಂದು ಕರೆದರು. ಸುತ್ತಲ ಭೂಮಾಲೀಕರು ಪೈರು ತುಳಿಸಿದರು, ಗುಡಿಸಲು ಕೆಡವಿಸಿದರು, ಮೊಕದ್ದಮೆ ಹೂಡಿದರು. ಅಗೆಯುವವರು ಪಕ್ಕದ ಕಾಬ್‌ಹ್ಯಾಮಿಗೆ ಹೋದರು. 1650ರ ವಸಂತದಲ್ಲಿ ಅಲ್ಲಿಂದಲೂ ಅವರನ್ನು ಓಡಿಸಲಾಯಿತು. ಆ ಗುಡ್ಡದ ಮೇಲೆ ಇಂದು ಸಿರಿವಂತರ ಬಂಗಲೆಗಳೂ ಗಾಲ್ಫ್ ಮೈದಾನವೂ ಇವೆ. ಒಳಹೋಗುವ ದಾರಿಗೆ ಕಾವಲಿದೆ.

ಮುಂದೆ ಬೇಲಿ ಹಾಕುವ ಕೆಲಸ ಕಾನೂನಿನ ಪೋಷಾಕು ತೊಟ್ಟಿತು. 1604ರಿಂದ 1914ರವರೆಗೆ ಪಾರ್ಲಿಮೆಂಟು ಇಂಥ 5,200ಕ್ಕೂ ಹೆಚ್ಚು ಶಾಸನಗಳನ್ನು ಮಾಡಿತು. ಅವುಗಳ ಪಾಲಿಗೆ ಬಂದ ನೆಲ ಸುಮಾರು 68 ಲಕ್ಷ ಎಕರೆ, ಇಂಗ್ಲೆಂಡಿನ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಇದರಲ್ಲಿ ಬಹುಪಾಲು ನಡೆದದ್ದು 1750ರಿಂದ ನೂರು ವರ್ಷಗಳ ಅವಧಿಯಲ್ಲಿ. ಕಮಿಷನರು ಬರುತ್ತಿದ್ದರು, ನೆಲ ಅಳೆಯುತ್ತಿದ್ದರು, ಹಕ್ಕುದಾರರಿಗೆ ಪಾಲು ಮಾಡುತ್ತಿದ್ದರು. ಪತ್ರ ತೋರಿಸಿದವನಿಗೆ ಪಾಲು. ತಾತಂದಿರ ಕಾಲದಿಂದ ಹಸು ಮೇಯಿಸಿಕೊಂಡು ಬಂದಿದ್ದೇನೆ ಎನ್ನುವ ಗುಡಿಸಲಿನವನ ಬಳಿ ಪತ್ರವೆಲ್ಲಿ? ಚೂರುಪಾರು ಸಿಕ್ಕವನೂ ಬೇಲಿಯ ಖರ್ಚು ಭರಿಸಲಾರದೆ ಅದನ್ನು ಮಾರಿಕೊಂಡ. ಬೇಸಾಯದ ಉತ್ಪತ್ತಿ ಹೆಚ್ಚಿತೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಹೆಚ್ಚಿದ ಬೆಳೆ ಸೇರಿದ್ದು ಬೇಲಿಯ ಒಳಗಿದ್ದವರ ಕಣಜಕ್ಕೆ.

ಇಲ್ಲಿ ಒಂದು ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ಈ ಹಂಚಿಕೆಯ ದಸ್ತಾವೇಜುಗಳಲ್ಲಿ ಒಬ್ಬೊಬ್ಬ ಭೂಮಾಲೀಕನ ಪಾಲಿಗೂ ಬಳಸಿದ ಶಬ್ದವೇ ‘ಅಲಾಟ್‌ಮೆಂಟ್’. ಸಾಮಾನ್ಯ ಭೂಮಿಯಿಂದ ಶ್ರೀಮಂತರಿಗೆ ದೊರೆತ ನೂರಾರು ಎಕರೆಗೂ ಅದೇ ಹೆಸರು. ತರುವಾಯ ಬಡವನ ಕೈಗೆ ಬಂದ ಎರಡೂವರೆ ಗುಂಟೆಗೂ ಅದೇ ಹೆಸರು.

ಬಡವನಿಗೆ ಆ ಚೂರು ಬಂದದ್ದಾದರೂ ಹೇಗೆ? ಆರ್ಥರ್ ಯಂಗ್ ಎಂಬ ಹೆಸರಾಂತ ಕೃಷಿ ಲೇಖಕ ಮೊದಮೊದಲು ಬೇಲಿಯ ದೊಡ್ಡ ವಕೀಲನಾಗಿದ್ದವನು. ಊರೂರು ತಿರುಗಿ ಕಂಡ ದಾರಿದ್ರ್ಯದಿಂದ ಅವನ ಮನಸ್ಸು ಕರಗಿತು. ಪಾಳುಭೂಮಿಯಲ್ಲಿ ಬಡವರಿಗೆ ತುಂಡು ನೆಲವನ್ನೂ ಹಸುವನ್ನೂ ಕೊಡಿರೆಂದು 1801ರಲ್ಲಿ ಬರೆದ. ಕೇಳಿದವರು ಕಡಿಮೆ. 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಕಾರರು ದಂಗೆಯೆದ್ದು, ತಮ್ಮ ಚಳಿಗಾಲದ ಕೂಲಿಯನ್ನು ಕಸಿದಿದ್ದ ತೆನೆ ಬಡಿಯುವ ಯಂತ್ರಗಳನ್ನು ಒಡೆದುಹಾಕಿದರು. 19 ಜನರಿಗೆ ಗಲ್ಲಾಯಿತು; ಸುಮಾರು 500 ಜನರನ್ನು ಆಸ್ಟ್ರೇಲಿಯಕ್ಕೆ ಸಾಗಿಸಿದರು. ಬಣವೆಗಳಿಗೆ ಬಿದ್ದ ಬೆಂಕಿಯ ಬೆಳಕಿನಲ್ಲಿ ಕೆಲವು ಜಮೀನ್ದಾರರಿಗೂ ಪಾದ್ರಿಗಳಿಗೂ ಯಂಗನ ಮಾತು ನೆನಪಾಯಿತು. ತುಂಡು ನೆಲ ಗೇಣಿಗೆ ಕೊಡುವ ಪದ್ಧತಿ ಹಬ್ಬಿದ್ದು ಆಮೇಲೆ.

ಕೊಟ್ಟರು, ಕೊಟ್ಟ ಕೈಯಲ್ಲೇ ಕಟ್ಟು ಹಾಕಿದರು. ಭಾನುವಾರ ಕೆಲಸ ಮಾಡಕೂಡದು, ಚರ್ಚಿಗೆ ತಪ್ಪದೆ ಬರಬೇಕು, ಕಳವು ಮಾಡಿ ಸಿಕ್ಕಿಬಿದ್ದರೆ ನೆಲ ಬಿಡಬೇಕು, ಹೀಗೆ ನಿಯಮಗಳು. ರೈತಧಣಿಗಳಿಗಂತೂ ಇಷ್ಟೂ ಹಿಡಿಸಲಿಲ್ಲ. ಆಳು ತನ್ನ ಮೈಯ ಕಸುವನ್ನೆಲ್ಲ ಸ್ವಂತ ಆಲೂಗಡ್ಡೆಗೆ ಉಳಿಸಿಕೊಂಡು ನಮ್ಮ ಹೊಲದಲ್ಲಿ ತೂಕಡಿಸುತ್ತಾನೆ ಎಂಬುದು ಅವರ ದೂರು. ಅದಕ್ಕೇ ನೆಲ ಕಾಲು ಎಕರೆ ಮೀರದಂತೆ ಎಚ್ಚರ ವಹಿಸಿದರು. ಹಸಿವು ತೀರಬೇಕು, ಆದರೆ ಕೂಲಿಗೆ ಬರುವ ಅಗತ್ಯ ತೀರಬಾರದು. 1845ರ ಶಾಸನ ಬೇಲಿ ಹಾಕುವಾಗ ಬಡವರ ತೋಟಕ್ಕೂ ಸ್ವಲ್ಪ ನೆಲ ಬಿಡಬಹುದೆಂದು ಹೇಳಿತು. ಮುಂದಿನ 24 ವರ್ಷಗಳಲ್ಲಿ ಬೇಲಿಯೊಳಗೆ ಹೋದದ್ದು 6 ಲಕ್ಷ ಎಕರೆಗೂ ಮೇಲೆ; ಬಡವರಿಗೆಂದು ಬಿಟ್ಟದ್ದು ಸುಮಾರು 2,200 ಎಕರೆ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ದಂಗೆಯಿಂದ ಆಗದ್ದು ಮತದಿಂದ ಆಯಿತು. 1884ರಲ್ಲಿ ಹಳ್ಳಿಯ ಕೂಲಿಕಾರರಲ್ಲಿ ಬಹುಮಂದಿಗೆ ಮತದಾನದ ಹಕ್ಕು ಬಂತು. ಮರುವರ್ಷದ ಚುನಾವಣೆಯಲ್ಲಿ ಜೆಸ್ಸಿ ಕಾಲಿಂಗ್ಸ್ ಮತ್ತು ಸಂಗಡಿಗರ ಘೋಷಣೆ ‘ಮೂರು ಎಕರೆ, ಒಂದು ಹಸು’. 1886ರ ಜನವರಿಯಲ್ಲಿ, ರಾಣಿಯ ಭಾಷಣದಲ್ಲಿ ಅಲಾಟ್‌ಮೆಂಟಿನ ಮಾತೇ ಇಲ್ಲವೆಂದು ಕಾಲಿಂಗ್ಸ್ ತಂದ ತಿದ್ದುಪಡಿಗೆ ಬಹುಮತ ಬಂದು, ಲಾರ್ಡ್ ಸಾಲ್ಸ್‌ಬರಿಯ ಸರ್ಕಾರ ಬಿದ್ದೇಹೋಯಿತು! ಅದೇ ಸಾಲ್ಸ್‌ಬರಿ ಮತ್ತೆ ಅಧಿಕಾರಕ್ಕೆ ಬಂದ ಮೇಲೆ 1887ರಲ್ಲಿ ಅಲಾಟ್‌ಮೆಂಟ್ ಶಾಸನವಾಯಿತು. 1908ರ ಶಾಸನ ಅದನ್ನು ಗಟ್ಟಿಮಾಡಿತು. ಊರಿನ ಆರು ಜನ ಮತದಾರರು ಅಥವಾ ತೆರಿಗೆದಾರರು ಸೇರಿ ನೆಲ ಬೇಕೆಂದು ಬರೆದುಕೊಟ್ಟರೆ ಸ್ಥಳೀಯ ಸಂಸ್ಥೆ ಆ ಬೇಡಿಕೆಯನ್ನು ಪರಿಗಣಿಸಲೇಬೇಕು. ನಿಜವಾದ ಬೇಡಿಕೆ ಕಂಡರೆ ನೆಲ ಒದಗಿಸುವುದು ಅದರ ಕರ್ತವ್ಯ. ಅಲ್ಲಿಯವರೆಗೆ ಧರ್ಮವಾಗಿದ್ದದ್ದು ಆಗ ಹಕ್ಕಾಯಿತು. 1922ರ ಶಾಸನವಂತೂ ಈ ತೋಟ ಯಾವುದಕ್ಕೆ ಎಂಬುದನ್ನೂ ಸ್ಪಷ್ಟಪಡಿಸಿತು: ಹಿಡುವಳಿದಾರನೂ ಅವನ ಮನೆಯವರೂ ತಿನ್ನುವ ತರಕಾರಿ ಹಣ್ಣುಗಳಿಗೆ.

ಹಕ್ಕಿನ ಬೆಲೆ ದೇಶಕ್ಕೆ ತಿಳಿದದ್ದು ಯುದ್ಧಗಳಲ್ಲಿ. ಹೊರನಾಡಿನ ಗೋಧಿಯನ್ನೂ ಮಾಂಸವನ್ನೂ ನೆಚ್ಚಿಕೊಂಡಿದ್ದ ದ್ವೀಪ ಅದು. 1917ರ ಫೆಬ್ರವರಿಯಿಂದ ಜರ್ಮನಿಯ ಜಲಾಂತರ್ಗಾಮಿಗಳು ಕಂಡ ಹಡಗನ್ನೆಲ್ಲ ಮುಳುಗಿಸತೊಡಗಿದಾಗ ಪಾಳುಬಿದ್ದ ನಿವೇಶನಗಳನ್ನೂ ಉದ್ಯಾನಗಳನ್ನೂ ತೋಟಕ್ಕೆ ಹಂಚಿದರು. ಯುದ್ಧ ಮುಗಿಯುವ ಹೊತ್ತಿಗೆ ತೋಟಗಳ ಸಂಖ್ಯೆ ಸುಮಾರು 15 ಲಕ್ಷ. 1939ರ ಅಕ್ಟೋಬರಿನಲ್ಲಿ ಕೃಷಿ ಮಂತ್ರಿ ರೆಜಿನಾಲ್ಡ್ ಡಾರ್ಮನ್-ಸ್ಮಿತ್ ಇನ್ನೂ ಐದು ಲಕ್ಷ ತೋಟ ಬೇಕೆಂದು ರೇಡಿಯೋದಲ್ಲಿ ಕೇಳಿದರು. ‘ಗೆಲುವಿಗಾಗಿ ಅಗೆಯಿರಿ’ ಎಂಬ ಕೂಗು ಮನೆಮನೆಗೆ ಮುಟ್ಟಿತು. ಲಂಡನ್ನಿನ ಹಳೆಯ ಕೋಟೆಯ ಕಂದಕದಲ್ಲಿ ತರಕಾರಿ ಬೆಳೆಯಿತು. ಭಾನುವಾರ ಮಧ್ಯಾಹ್ನ ಮಿಡಲ್ಟನ್ ಎಂಬ ತೋಟಗಾರರು ರೇಡಿಯೋದಲ್ಲಿ ಪಕ್ಕದ ಮನೆಯವರಂತೆ ಮಾತಾಡುತ್ತ, ಪಾತಿ ಮಾಡುವುದನ್ನೂ ಗೊಬ್ಬರ ಹಾಕುವುದನ್ನೂ ಹೇಳಿಕೊಟ್ಟರು. ಒಮ್ಮೆ ಭಾನುವಾರ ಗುದ್ದಲಿ ಮುಟ್ಟಬಾರದೆಂದಿದ್ದ ದೇಶವೇ ಇದು! ಫ್ರಾನ್ಸಿನ ಬ್ರಿಟನಿ ಕರಾವಳಿ ಶತ್ರುವಿನ ವಶವಾಗಿ ಈರುಳ್ಳಿ ಬರುವುದು ನಿಂತಾಗ, ಕಚೇರಿಗಳಲ್ಲಿ ಈರುಳ್ಳಿಯನ್ನು ಲಾಟರಿಯ ಬಹುಮಾನವಾಗಿ ಇಟ್ಟರಂತೆ. ಈರುಳ್ಳಿಯ ಬೆಲೆಯಿಂದ ಕಣ್ಣೀರು ಹಾಕಿದ ನಮಗೆ ಇದು ನಗುವ ಮಾತಲ್ಲ. ಆ ವರ್ಷಗಳಲ್ಲಿ ಅಲಾಟ್‌ಮೆಂಟುಗಳು ಮತ್ತೆ 14 ಲಕ್ಷದ ಸಮೀಪ ಮುಟ್ಟಿದವು.

ಸಮೃದ್ಧಿ ಬಂತು, ನೆನಪು ಹೋಯಿತು. 1954ರಲ್ಲಿ ರೇಷನ್ ಕೊನೆಗೊಂಡ ಮೇಲೆ ತೋಟಗಳು ಹಾಳುಬಿದ್ದವು. ಊರು ಬೆಳೆದಂತೆ ಮನೆ, ರಸ್ತೆ, ಶಾಲೆಗಳಿಗೆ ಆ ನೆಲ ಹೋಯಿತು. 1969ರಲ್ಲಿ ಹ್ಯಾರಿ ಥಾರ್ಪ್ ಅವರ ಸಮಿತಿ, ‘ಅಲಾಟ್‌ಮೆಂಟ್’ ಎಂಬ ಹೆಸರಿಗೇ ಬಡತನದ ವಾಸನೆ ಹತ್ತಿದೆ, ‘ವಿರಾಮದ ತೋಟ’ ಎಂದು ಕರೆಯಿರಿ ಎಂದು ಸಲಹೆ ಕೊಟ್ಟಿತು. ಜನ ಹೊಸ ಹೆಸರನ್ನು ಒಪ್ಪಲಿಲ್ಲ. ಎಪ್ಪತ್ತರ ದಶಕದಲ್ಲಿ ಬೆಲೆಗಳು ಏರಿದಾಗ ಮತ್ತೆ ಸಾಲು ನಿಂತರು. 2020ರ ಮಹಾಮಾರಿಯಲ್ಲಿ ಸಾಲು ಇನ್ನೂ ಉದ್ದವಾಯಿತು. ಆದರೆ ಈಗ ಉಳಿದಿರುವ ತೋಟಗಳು ಮೂರು ಲಕ್ಷದ ಆಸುಪಾಸು. ಉಳಿದಿರುವುದಕ್ಕೂ ಒಂದು ಕಾರಣವುಂಟು. ಅಲಾಟ್‌ಮೆಂಟಿಗೆಂದೇ ಪಡೆದ ನೆಲವನ್ನು ಮಂತ್ರಿಯ ಒಪ್ಪಿಗೆಯಿಲ್ಲದೆ ಸ್ಥಳೀಯ ಸಂಸ್ಥೆ ಮಾರುವಂತಿಲ್ಲವೆಂದು 1925ರ ಶಾಸನ ಕಟ್ಟುಮಾಡಿದೆ. ಬರೀ ತಾತ್ಕಾಲಿಕವೆಂದು ಕೊಟ್ಟ ಯುದ್ಧಕಾಲದ ತೋಟಗಳಿಗೆ ಆ ರಕ್ಷೆ ಇರಲಿಲ್ಲ. ಮೊದಲು ಹೋದವು ಅವೇ.

ಬರಗಾಲದಲ್ಲಿ ಎಲ್ಲ ಸರ್ಕಾರಗಳೂ ಗುದ್ದಲಿಯನ್ನು ಹೊಗಳುತ್ತವೆ. ನಮ್ಮ ದೇಶದಲ್ಲಿಯೂ ಅದೇ ಮಹಾಯುದ್ಧದ ನಡುವೆ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿ ಹುಟ್ಟಿತು. ಹೊಗಳಿಕೆ ಬಿತ್ತನೆಯ ಕಾಲಕ್ಕೆ ಸಾಕು. ನೆಲ ಮುಂದಿನ ವಸಂತಕ್ಕೂ ಉಳಿಯಬೇಕಾದರೆ ಬರೆದಿಟ್ಟ ಕಾನೂನು ಬೇಕು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ನಮ್ಮದು. ನಮ್ಮ ನಗರಗಳಲ್ಲಿ ಈಗ ಹಿತ್ತಲೇ ಅಪರೂಪವಾಗಿದೆ. ಊರಂಚಿನ ಗೋಮಾಳ ಎಲ್ಲಿತ್ತೆಂದು ಕೇಳಿದರೆ ಹಿರಿಯರು ಯಾವುದೋ ಬಡಾವಣೆಯ ಕಡೆ ಕೈ ತೋರುತ್ತಾರೆ. ಹೋದ 68 ಲಕ್ಷ ಎಕರೆ ಇಂಗ್ಲೆಂಡಿನ ಬಡವರಿಗೆ ಮರಳಿ ಬರಲಿಲ್ಲ. ಆದರೆ ಎರಡೂವರೆ ಗುಂಟೆಯ ಹಕ್ಕು ಬಂತು. ಅದು ಬರಲು ಇನ್ನೂರೈವತ್ತು ವರ್ಷ ಹಿಡಿಯಿತು. ಈ ವಸಂತದಲ್ಲಿಯೂ ಆ ಹಕ್ಕಿನ ನೆಲದಲ್ಲಿ ಯಾರೋ ಒಬ್ಬ ಗುಮಾಸ್ತ, ಯಾರೋ ಒಬ್ಬ ನಿವೃತ್ತ ಉಪಾಧ್ಯಾಯಿನಿ ಕ್ಯಾರೆಟ್ಟನ್ನೂ ಪಾರ್ಸ್ನಿಪ್ಪನ್ನೂ ಬೀನ್ಸನ್ನೂ ಬಿತ್ತುತ್ತಾರೆ. 1649ರಲ್ಲಿ ಗುಡ್ಡದ ಮೇಲೆ ಬಿತ್ತಿದ್ದೂ ಅವನ್ನೇ. ಇವರ ಪೈರನ್ನು ತುಳಿಸಲು ಮಾತ್ರ ಈಗ ಯಾರೂ ಬರುವಂತಿಲ್ಲ.