ಎಟಿಪಿಗೆ ಮೊದಲಿನ ಸಂಗ್ರಹ: ಪೊರೆಯಾಚೆಯ ಪ್ರೋಟಾನುಗಳು

ಸುಮ್ಮನೆ ಮಲಗಿರುವ ಮನುಷ್ಯನ ದೇಹವೂ ಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ದಿನಕ್ಕೆ ಸುಮಾರು 40 ಕಿಲೋದಷ್ಟು ಬಳಸುತ್ತದೆ. ಆದರೆ ಯಾವುದೇ ಹೊತ್ತಿನಲ್ಲಿ ದೇಹದಲ್ಲಿರುವುದು ಸುಮಾರು 100 ಗ್ರಾಂ ಮಾತ್ರ. ಅಂದರೆ ಒಂದೊಂದು ಅಣುವೂ ದಿನಕ್ಕೆ ನೂರಾರು ಸಲ ಒಡೆದು ಮತ್ತೆ ಕೂಡಿಕೊಳ್ಳಬೇಕು. ಕೊಬ್ಬು, ಗ್ಲೈಕೋಜನ್‌ಗಳು ಕಣಜವಾದರೆ ಎಟಿಪಿ ಅಂದಂದಿನ ಕೈಕಾಸು.

1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಒಂದು ಕಡೆ, ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಮತ್ತು ಯೆಲ್ಲಾಪ್ರಗಡ ಸುಬ್ಬರಾವ್ ಇನ್ನೊಂದು ಕಡೆ, ಸ್ನಾಯುವಿನಲ್ಲಿ ಈ ಅಣುವನ್ನು ಗುರುತಿಸಿದರು. ಅದು ತಯಾರಾಗುವ ಬಗೆ ಮಾತ್ರ ಒಗಟಾಗಿಯೇ ಉಳಿಯಿತು. ಆಹಾರದ ಎಲೆಕ್ಟ್ರಾನುಗಳು ಆಮ್ಲಜನಕವನ್ನು ಸೇರುವಾಗ ಹೊಮ್ಮುವ ಶಕ್ತಿಯನ್ನು ಹಿಡಿದಿಡುವ ಮಧ್ಯವರ್ತಿ ರಾಸಾಯನಿಕಕ್ಕಾಗಿ ಜೀವರಸಾಯನ ತಜ್ಞರು ವರ್ಷಗಟ್ಟಲೆ ಹುಡುಕಿದರು. 1961ರಲ್ಲಿ ಪೀಟರ್ ಮಿಚೆಲ್ ಅಂಥ ವಸ್ತುವೇ ಬೇಕಿಲ್ಲ ಎಂದು ವಾದಿಸಿದರು. ಎಲೆಕ್ಟ್ರಾನುಗಳ ಹರಿವು ಪ್ರೋಟಾನುಗಳನ್ನು ಕೋಶದೊಳಗಿನ ಮೈಟೋಕಾಂಡ್ರಿಯದ ಪೊರೆಯ ಒಂದು ಬದಿಗೆ ತಳ್ಳುತ್ತದೆ. ಎರಡು ಬದಿಗಳ ನಡುವಿನ ಆ ವ್ಯತ್ಯಾಸವೇ ಶಕ್ತಿಯ ಸಂಗ್ರಹ.

ಪುರಾವೆ ಸಿಕ್ಕಿದ್ದು ಪಾಲಕ್ ಎಲೆಯಲ್ಲಿ. ಆಂಡ್ರೆ ಜಗೆಂಡಾರ್ಫ್ ಮತ್ತು ಅರ್ನೆಸ್ಟ್ ಉರಿಬೆ ಅದರಲ್ಲಿ ಬೆಳಕಿನಿಂದ ಎಟಿಪಿ ಮಾಡುವ ಕ್ಲೋರೋಪ್ಲಾಸ್ಟುಗಳನ್ನು ಪಿಎಚ್ 4ರ ಆಮ್ಲದಲ್ಲಿ ನೆನೆಸಿ, ಒಮ್ಮೆಲೇ ಪಿಎಚ್ 8ರ ದ್ರಾವಣಕ್ಕೆ ಹಾಕಿದರು. ಕತ್ತಲಲ್ಲೇ ಎಟಿಪಿ ತಯಾರಾಯಿತು! ಬೆಳಕು ಬೀಳಲಿಲ್ಲ, ಎಲೆಕ್ಟ್ರಾನುಗಳು ಹರಿಯಲಿಲ್ಲ. ಇದ್ದದ್ದು ಪ್ರೋಟಾನುಗಳ ಏರುಪೇರು ಮಾತ್ರ. 1974ರಲ್ಲಿ ಎಫ್ರೇಮ್ ರಾಕರ್ ಮತ್ತು ವಾಲ್ಟರ್ ಸ್ಟೋಕೇನಿಯಸ್ ಇನ್ನೂ ಮುಂದೆ ಹೋದರು. ಉಪ್ಪುನೀರಿನ ಸೂಕ್ಷ್ಮಜೀವಿಯಿಂದ ಬೆಳಕಿಗೆ ಪ್ರೋಟಾನ್ ತಳ್ಳುವ ಪ್ರೋಟೀನು, ದನದ ಹೃದಯದಿಂದ ಎಟಿಪಿ ಕಟ್ಟುವ ಕಿಣ್ವ, ಎರಡನ್ನೂ ಒಂದೇ ಕೃತಕ ಕೊಬ್ಬಿನ ಪೊರೆಯಲ್ಲಿ ಕೂರಿಸಿದರು. ಬೆಳಕು ಬಿಟ್ಟೊಡನೆ ಎಟಿಪಿ ಬಂತು. ಹುಟ್ಟಿನಿಂದ ಎಂದೂ ಭೇಟಿಯಾಗದ ಈ ಎರಡು ಪ್ರೋಟೀನುಗಳಿಗೆ ಪ್ರೋಟಾನುಗಳ ಹೊರತು ಬೇರೆ ನಂಟಿರಲಿಲ್ಲ.

ಪೊರೆ ಸೋರಿದರೆ ಸಂಗ್ರಹ ಶಾಖವಾಗಿ ಹೋಗುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ನುಂಗುತ್ತಿದ್ದ ಡೈನೈಟ್ರೋಫೀನಾಲ್ ಹೀಗೇ ಮೈಬಿಸಿ ಏರಿಸಿ ಕೆಲವರ ಜೀವ ತೆಗೆಯಿತು. ನವಜಾತ ಶಿಶುವಿನ ಕಂದುಕೊಬ್ಬು ಅದೇ ಸೋರಿಕೆಯನ್ನು ಹದವಾಗಿ ಬಳಸಿ ಮಗುವನ್ನು ಬೆಚ್ಚಗಿಡುತ್ತದೆ.

ಎಟಿಪಿ ಕಟ್ಟುವ ಕಿಣ್ವವು ಪ್ರೋಟಾನುಗಳ ಹರಿವಿನಿಂದ ತಿರುಗುವ ಯಂತ್ರವೆಂಬುದು ಪಾಲ್ ಬಾಯರ್ ಮತ್ತು ಜಾನ್ ವಾಕರ್ ಅವರ ಕೆಲಸದಿಂದ ತಿಳಿಯಿತು. 1997ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲಿತ್ತು. ಒಂದು ಸುತ್ತಿಗೆ ಮೂರು ಎಟಿಪಿ ಸಿಗುತ್ತವೆ. ದನದ ಮೈಟೋಕಾಂಡ್ರಿಯದಲ್ಲಿ ಆ ಸುತ್ತಿಗೆ 8 ಪ್ರೋಟಾನು ಸಾಕು, ಪಾಲಕ್ ಎಲೆಗೆ 14 ಬೇಕು. ಒಂದು ಎಟಿಪಿಗೆ ಪ್ರಾಣಿ ತೆರುವುದು ಸುಮಾರು 2.7 ಪ್ರೋಟಾನು, ಎಲೆ ತೆರುವುದು 4.7.