ಯಾರೂ ಓಡಿಸದ ಓಟ

ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯದ ಕಡೆಗೆ ಹೊರಟರೆ ಸುಮಾರು ಹತ್ತು ಕಿಲೋಮೀಟರಿಗೆ ಮಾಕಳಿ ಸಿಗುತ್ತದೆ. ಬಂಡೆಗಲ್ಲುಗಳ ಬೆಟ್ಟ, ಅದರ ನೆತ್ತಿಯ ಮೇಲೆ ಪಾಳುಬಿದ್ದ ಕೋಟೆ, ಹಳೆಯದೊಂದು ಶಿವನ ಗುಡಿ, ಬುಡದಲ್ಲಿ ಬೆಟ್ಟವನ್ನು ಬಳಸಿ ಸಾಗುವ ರೈಲುಹಳಿ. ಮಾಕಳಿದುರ್ಗ ಬೆಂಗಳೂರಿನ ಚಾರಣಿಗರಿಗೆ ಚಿರಪರಿಚಿತ. ಆದರೆ ಇದು ಬೆಟ್ಟ ಹತ್ತುವ ಮಾತಲ್ಲ, ದಾರಿಯ ಮಾತು. ದೊಡ್ಡಬಳ್ಳಾಪುರದಿಂದ ದುರ್ಗದ ಬುಡ ಮುಟ್ಟಿ ಹಿಂತಿರುಗಿದರೆ ಆಗುವ ದೂರ ಹೆಚ್ಚುಕಡಿಮೆ ಒಂದು ಅರ್ಧ ಮ್ಯಾರಥಾನ್. ಕರಾರುವಾಕ್ಕಾಗಿ ಹೇಳುವುದಾದರೆ ಅರ್ಧ ಮ್ಯಾರಥಾನ್ ಎಂದರೆ 21.0975 ಕಿ.ಮೀ. ಬಸ್ಸಿನಲ್ಲಿ ಕೂತರೆ ಲೆಕ್ಕಕ್ಕೇ ಬಾರದ ಈ ದೂರವನ್ನು ಒಬ್ಬ ಗುಮಾಸ್ತನೋ ಶಾಲಾ ಶಿಕ್ಷಕಿಯೋ ಬರಿಯ ಖುಷಿಗೆ ಓಡುತ್ತೇನೆಂದು ಹೊರಡುವುದು ಇಂದು ಸಾಮಾನ್ಯ ಸಂಗತಿ. ನಮ್ಮ ಅಜ್ಜಂದಿರ ಕಾಲದಲ್ಲಾಗಿದ್ದರೆ ಊರವರು ಏನಾಯಿತೆಂದು ಗಾಬರಿಯಿಂದ ವಿಚಾರಿಸುತ್ತಿದ್ದರು.

ಏಕೆಂದರೆ ದೂರದ ಓಟ ನಮ್ಮಲ್ಲಿ ಬಹುಕಾಲ ಹೊಟ್ಟೆಪಾಡಾಗಿತ್ತು. 17ನೇ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರು ವ್ಯವಸ್ಥೆಗೊಳಿಸಿದ ಮೈಸೂರು ಅಂಚೆ, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು. ಆ ಎರಡು ಶತಮಾನಗಳ ಕಾಲ ಕಾಗದಪತ್ರಗಳನ್ನು ಊರಿಂದೂರಿಗೆ ಮುಟ್ಟಿಸಿದ್ದು ಮನುಷ್ಯರ ಕಾಲು. ಒಬ್ಬ ತನ್ನ ಪಾಲಿನ ದೂರ ಓಡಿ ಮುಂದಿನವನ ಕೈಗೆ ಚೀಲ ದಾಟಿಸಬೇಕು. ಮಳೆಯಿರಲಿ, ಕಾಡುಮೃಗವಿರಲಿ, ನಿಲ್ಲುವಂತಿಲ್ಲ. ಇಂಡಿಯಾದ ಅಂಚೆ ಓಟಗಾರರ ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ ಇರುತ್ತಿದ್ದುದು ಅದಕ್ಕಾಗಿಯೇ. ಕೆಲಸ ಮುಗಿದ ಮೇಲೂ ಅವನು ಸುಮ್ಮನೆ ಇನ್ನೊಂದಷ್ಟು ದೂರ ಓಡುತ್ತಿದ್ದನೆಂದು ಯಾರೂ ಊಹಿಸಲಾರರು.

ದುಡಿಮೆಯ ಈ ಕಾಲುಗಳೇ ಒಮ್ಮೆ ಒಲಿಂಪಿಕ್ಸ್‌ಗೂ ಹೋದವು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟಕ್ಕೆ ಅಧ್ಯಕ್ಷರಾಗಿ ಬಂದಿದ್ದ ದೊರಾಬ್ಜಿ ಟಾಟಾ, ಬರಿಗಾಲಿನಲ್ಲಿ ಓಡಿದ ರೈತರ ವೇಗ ಕಂಡು, ಇವರು ಯುರೋಪಿನವರಿಗೆ ಸಾಟಿಯಾಗಬಲ್ಲರೆಂದು ಲೆಕ್ಕಹಾಕಿದರು. ಮರುವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೊರಟ ಸಣ್ಣ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಅಲ್ಲಿನ ಮ್ಯಾರಥಾನ್ ದೂರ 42.75 ಕಿ.ಮೀ., ಅಂದರೆ ಇಂದಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ 19ನೆಯವರಾದರು. ಗೆದ್ದ ಫಿನ್ಲೆಂಡಿನ ಕೊಲೆಹ್ಮೈನೆನ್‌ಗೂ ಅವರಿಗೂ ಇದ್ದ ಅಂತರ ಹದಿನೆಂಟು ನಿಮಿಷ. ಕರ್ನಾಟಕದ ಶಾಲಾಪಠ್ಯಗಳಲ್ಲಿ ಈ ಹೆಸರು ಇನ್ನಷ್ಟು ಕಾಣಬೇಕಿತ್ತು.

ಮ್ಯಾರಥಾನಿಗೆ ಕಥೆಯ ಬಲವಿದೆ. ಯುದ್ಧ ಗೆದ್ದ ಸುದ್ದಿ ಹೊತ್ತು ಓಡಿಬಂದು ಅಥೆನ್ಸಿನಲ್ಲಿ ಕುಸಿದು ಸತ್ತ ದೂತನ ಕಥೆ ಯಾರಿಗೆ ಗೊತ್ತಿಲ್ಲ? ಆದರೆ ಯುದ್ಧದ ಬಗ್ಗೆ ಮೊದಲು ಬರೆದ ಹೆರೊಡೋಟಸ್ ಅದನ್ನು ಹೇಳುವುದಿಲ್ಲ. ಫಿಡಿಪ್ಪಿಡಿಸ್ ಸಹಾಯ ಕೇಳಲು ಸ್ಪಾರ್ಟಾಕ್ಕೆ ಓಡಿದನೆಂದಷ್ಟೇ ಅವನು ಬರೆಯುತ್ತಾನೆ. ಸಾವಿನ ಕಥೆ ಶತಮಾನಗಳ ನಂತರ ಸೇರಿಕೊಂಡದ್ದು. ಅದನ್ನೇ ನೆಚ್ಚಿ ಫ್ರೆಂಚ್ ಭಾಷಾಶಾಸ್ತ್ರಜ್ಞ ಮಿಶೆಲ್ ಬ್ರೆಯಾಲ್ 1896ರ ಒಲಿಂಪಿಕ್ಸ್‌ಗೆ ಈ ಓಟವನ್ನು ಸೂಚಿಸಿದ. 1908ರಲ್ಲಿ ವಿಂಡ್ಸರ್ ಅರಮನೆಯಿಂದ ಲಂಡನ್ನಿನ ಕ್ರೀಡಾಂಗಣದವರೆಗೆ ಓಡಿಸಿದಾಗ 42.195 ಕಿ.ಮೀ. ಆಯಿತು, 1921ರಲ್ಲಿ ಅದೇ ನಿಯಮವಾಯಿತು. ನಮ್ಮ 21.0975 ಎಂಬ ವಿಚಿತ್ರ ಅಂಕಿ ಅದರ ಸರಿ ಅರ್ಧ.

ಅರ್ಧಕ್ಕೆ ಇಂಥ ಪುರಾಣವೇನೂ ಇಲ್ಲ. ಅದಕ್ಕಾಗಿ ಯಾರೂ ಸತ್ತಿಲ್ಲ. ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಪದಕ ಕೊಟ್ಟಿಲ್ಲ. ಅದರ ವಿಶ್ವ ಚಾಂಪಿಯನ್‌ಷಿಪ್ ಮೊದಲು ನಡೆದದ್ದೇ 1992ರಲ್ಲಿ. ನನ್ನ ಮಟ್ಟಿಗೆ ಇದೇ ಅದರ ಭಾಗ್ಯ. ವೀರರಿಗೆ ಬೇಡವಾದ ದೂರ ಸಾಮಾನ್ಯರ ಪಾಲಿಗೆ ಉಳಿಯಿತು.

ಖುಷಿಗಾಗಿ ಓಡುವ ಕಲ್ಪನೆ ಬೆಳೆದದ್ದಕ್ಕೆ ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್‌ಗೆ ದೊಡ್ಡ ಪಾಲು ಸಲ್ಲಬೇಕು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವನ ಇಬ್ಬರು ಶಿಷ್ಯರು ಒಂದೇ ದಿನ ಚಿನ್ನ ಗೆದ್ದರು. ಅಷ್ಟಕ್ಕೆ ತೃಪ್ತನಾಗದೆ ಅವನು ಆಕ್ಲೆಂಡಿನ ಬೊಜ್ಜು ಬಂದ, ಹೃದ್ರೋಗ ಕಂಡ ನಡುವಯಸ್ಕರನ್ನು ಕೂಡಿಸಿ ನಿಧಾನವಾಗಿ ಓಡಿಸತೊಡಗಿದ. ಓಡುತ್ತಲೇ ಮಾತನಾಡಲು ಬರಬೇಕು, ಬರದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ಆಗ ಅಲ್ಲಿಗೆ ಬಂದಿದ್ದ ಅಮೆರಿಕದ ತರಬೇತುದಾರ ಬಿಲ್ ಬವರ್‌ಮನ್, ಹಲವು ಸಲ ಹೃದಯಾಘಾತವಾಗಿದ್ದ ಎಪ್ಪತ್ತು ದಾಟಿದ ಮುದುಕರೊಬ್ಬರ ಸಮಕ್ಕೆ ಓಡಲಾರದೆ ನಾಚಿದನಂತೆ. ಊರಿಗೆ ಮರಳಿ ಅವನು 1967ರಲ್ಲಿ ಜಾಗಿಂಗ್ ಕುರಿತ ಪುಸ್ತಕ ತಂದ. ಮುಂದೆ ನೈಕಿ ಎಂದು ಹೆಸರಾದ ಷೂ ಕಂಪನಿಯ ಸಂಸ್ಥಾಪಕರಲ್ಲಿ ಅವನೂ ಒಬ್ಬ. ಆನಂದದ ಹಿಂದೆಯೇ ವ್ಯಾಪಾರವೂ ಓಡಿಬಂತು. ಇನ್ನೊಬ್ಬ ಅತಿಥಿ, ಇಂಗ್ಲೆಂಡಿನ ಓಟಗಾರ ಬ್ರೆಂಡನ್ ಫಾಸ್ಟರ್, 1979ರಲ್ಲಿ ಆಕ್ಲೆಂಡಿನ ಜನಸಾಮಾನ್ಯರ ಓಟದಲ್ಲಿ ಭಾಗವಹಿಸಿ, 1981ರಲ್ಲಿ ತನ್ನ ನ್ಯೂಕ್ಯಾಸಲ್‌ನಲ್ಲೂ ಅಂಥದೊಂದನ್ನು ಏರ್ಪಡಿಸಿದ. ಅದೇ ಗ್ರೇಟ್ ನಾರ್ತ್ ರನ್. ದೂರ, ಅರ್ಧ ಮ್ಯಾರಥಾನ್. ಮೊದಲ ಸಲವೇ ಸುಮಾರು 12,000 ಮಂದಿ ಓಡಿದರು.

ಮಹಿಳೆಯರಿಗೆ ಈ ಬಾಗಿಲು ತೆರೆದದ್ದು ತಡವಾಗಿ. 1967ರ ಬೋಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಓಡುತ್ತಿದ್ದಾಗ ಅಧಿಕಾರಿಯೊಬ್ಬ ಆಕೆಯನ್ನು ಹಿಡಿದೆಳೆಯಲು ನೋಡಿದ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗಿದ್ದ ಅತಿ ಉದ್ದದ ಓಟ 1,500 ಮೀಟರ್. ಹೊಲದಿಂದ ಮನೆಗೆ, ಬಾವಿಯಿಂದ ಮನೆಗೆ ಹೊರೆ ಹೊತ್ತು ಮೈಲಿಗಟ್ಟಲೆ ನಡೆದವರ ಬಗ್ಗೆ ಈ ಅಧಿಕಾರಿಗಳಿಗೆ ಏನೂ ಗೊತ್ತಿರಲಿಲ್ಲವೆಂದು ತೋರುತ್ತದೆ! ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್ ಸೇರಿದ್ದು 1984ರಲ್ಲಿ.

ನಮ್ಮಲ್ಲಿ 2004ರಲ್ಲಿ ಮುಂಬೈ ಮ್ಯಾರಥಾನ್, 2005ರಲ್ಲಿ ದೆಹಲಿ ಅರ್ಧ ಮ್ಯಾರಥಾನ್, 2008ರಲ್ಲಿ ಬೆಂಗಳೂರಿನ 10 ಕಿ.ಮೀ. ಓಟ ಆರಂಭವಾದ ಮೇಲೆ ರಸ್ತೆ ಓಟ ಮಧ್ಯಮವರ್ಗದ ಹಬ್ಬವಾಯಿತು. ಹಬ್ಬದ ಜತೆಗೆ ಕೈಗಡಿಯಾರದ ಕಾಟವೂ ಬಂತು. ಎರಡು ಗಂಟೆಯೊಳಗೆ ಮುಗಿಸಿದೆಯಾ ಎಂಬ ಪ್ರಶ್ನೆ, ಎಷ್ಟು ಅಂಕ ಬಂತು ಎಂದು ಮಕ್ಕಳನ್ನು ಕೇಳುವ ಪ್ರಶ್ನೆಯ ತಮ್ಮ.

ಅರ್ಧ ದೂರ ಖುಷಿಗೆ ಒಗ್ಗುವುದಕ್ಕೆ ದೇಹದಲ್ಲೇ ಕಾರಣವಿದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಸಾಮಾನ್ಯವಾಗಿ 30 ಕಿ.ಮೀ. ಹೊತ್ತಿಗೆ ಬರಿದಾಗುತ್ತ ಬರುತ್ತದೆ. ಆಗ ಕಾಲು ಕಲ್ಲಾಗುತ್ತದೆ; ಓಟಗಾರರು ಇದನ್ನು ಗೋಡೆ ಎನ್ನುತ್ತಾರೆ. ಅರ್ಧ ಮ್ಯಾರಥಾನ್ ಆ ಗೋಡೆಗೆ ಬಹಳ ಈಚೆಯೇ ಮುಗಿಯುತ್ತದೆ. ಮೂರು ಗಂಟೆಯಲ್ಲಿ ಮುಗಿಸಲು ಗಂಟೆಗೆ ಏಳು ಕಿ.ಮೀ. ಸಾಕು, ಬಿರುಸಿನ ನಡಿಗೆಗಿಂತ ತುಸು ಹೆಚ್ಚು. ಕೆಲವು ತಿಂಗಳು ವಾರಕ್ಕೆ ಮೂರುನಾಲ್ಕು ದಿನ ಓಡಿ, ದೂರವನ್ನು ಸ್ವಲ್ಪಸ್ವಲ್ಪವೇ ಏರಿಸಿಕೊಂಡವರಿಗೆ ಇದು ನಿಲುಕದ್ದಲ್ಲ. ಹೃದಯದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೊರಡಬೇಕು. ಮಾಕಳಿಯ ದಾರಿಯನ್ನೇ ಆರಿಸಿಕೊಂಡರೆ ಬಿಸಿಲೇರುವ ಮೊದಲು ಹೊರಡುವುದು ಲೇಸು. ಜತೆಗೊಬ್ಬರಿರಲಿ, ಮಾತು ನಿಂತಿತೇ ಎಂದು ತಿಳಿಯಲು.