ಆಡುವವರಿಲ್ಲದ ಎಲೆಗಳು

ಬೇಸಗೆಯ ರಜೆಯಲ್ಲಿ ಉತ್ತರಪತ್ರಿಕೆಗಳ ಕಟ್ಟನ್ನು ತಿದ್ದಿ ಮುಗಿಸಿದ ಮರುದಿನ ನಮ್ಮ ಮನೆಯಲ್ಲಿ ಹುಣಸೆಬೀಜ ನೆನೆಯಲು ಬೀಳುತ್ತದೆ. ಕೆಲವು ವರ್ಷಗಳಿಂದ ನಡೆದುಬಂದಿರುವ ಪದ್ಧತಿ ಇದು. ನೆನೆದ ಬೀಜದ ಸಿಪ್ಪೆ ಸುಲಿದು, ಅರೆದು, ಕುದಿಸಿ ಅಂಟು ಮಾಡುತ್ತೇನೆ. ವರ್ಷವಿಡೀ ಕೂಡಿಟ್ಟ ಲಗ್ನಪತ್ರಿಕೆಗಳನ್ನು ಆ ಅಂಟಿನಿಂದ ಒಂದರ ಮೇಲೊಂದು ಹಚ್ಚಿ, ಮೇಲೆ ಭಾರ ಹೇರಿ ಒಣಗಿಸುತ್ತೇನೆ. ಒಣಗಿ ಗಟ್ಟಿಯಾದ ಕಾಗದದ ಮೇಲೆ ಮಗಳ ಹಳೆಯ ಬಳೆಯಿಟ್ಟು ಗೆರೆ ಎಳೆದು, ದುಂಡಗೆ ಕತ್ತರಿಸಿ, ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದು, ಕವಡೆಯಿಂದ ತಿಕ್ಕಿ ನುಣುಪು ಮಾಡಿ, ಅದರ ಮೇಲೆ ಬಣ್ಣ ಹಾಕುತ್ತೇನೆ. ಅವುಗಳನ್ನಿಡಲು ಬಡಗಿಯ ಅಂಗಡಿಯಿಂದ ತಂದ ತೇಗದ ಚೂರುಗಳಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಗೆ ಜಾರುವ ಮುಚ್ಚಳ. ಇನ್ನೂ ಮರ ಮಿಕ್ಕರೆ ಬಾಗಿಲ ಮೇಲೆ ತೂಗಹಾಕಲು ಎರಡು ಗಿಳಿ, ಒಂದು ಮಾವಿನಕಾಯಿ.

“ಮದುವೆಗೆ ಕರೆದವರು ತಮ್ಮ ಪತ್ರಿಕೆಗೆ ಬಂದ ಗತಿ ನೋಡಿದರೆ ಇನ್ನೊಂದು ಸಲ ನಮ್ಮನ್ನು ಕರೆಯೋದಿಲ್ಲ” ಎಂದು ನನ್ನ ಹೆಂಡತಿ ಹೇಳುವುದುಂಟು. ಪಕ್ಕದ ಮನೆಯವರು ನಿವೃತ್ತ ಹೆಡ್‌ಮಾಸ್ತರು, ಲೆಕ್ಕದಲ್ಲಿ ಗಟ್ಟಿಗರು. ಅವರು ಕನ್ನಡಕವನ್ನು ಹಣೆಗೇರಿಸಿ ಒಂದು ಎಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಅಲ್ಲ ಮೇಷ್ಟ್ರೇ, ಇದರಿಂದ ಬರೋದೇನು?” ಎಂದರು. “ಏನೂ ಬರೋದಿಲ್ಲ ಸಾರ್” ಎಂದೆ. ಉತ್ತರ ನಿಜವಾದದ್ದೇ. ಆದರೆ ಅದನ್ನು ಹೇಳಿದ ಮೇಲೆ ನನಗೇ ಸಮಾಧಾನವಾಗಲಿಲ್ಲ. ಏನೂ ಬಾರದ ಈ ಕೆಲಸವನ್ನು ನನಗಿಂತ ದೊಡ್ಡವರು, ನನಗಿಂತ ಹೆಚ್ಚು ಕಷ್ಟದಲ್ಲಿದ್ದವರು, ಶ್ರದ್ಧೆಯಿಂದ ಮಾಡಿಸಿದ್ದಾರೆ. ಅವರ ಕಥೆಯನ್ನು ಹೇಳಬೇಕೆಂದೇ ಈ ಬರಹ.

ನಾನು ಮಾಡುವ ದುಂಡನೆಯ ಎಲೆಗಳ ಹೆಸರು ಗಂಜೀಫಾ. ಇಸ್ಪೀಟು, ಆಟೀನು, ಕಳಾವರ್ ಮುಂತಾದವು ಹಡಗಿನಲ್ಲಿ ಬಂದ ಮಾತುಗಳು. ಗಂಜೀಫಾ ಪಾರಸಿ ನಾಡಿನ ಕಡೆಯಿಂದ ಬಂದದ್ದು. ನಮ್ಮ ದೇಶದಲ್ಲಿ ಅದರ ಪ್ರಸ್ತಾಪ ಮೊದಲು ಕಾಣುವುದು ಬಾಬರನ ಆತ್ಮಕಥೆಯಲ್ಲಿ. 1527ರಲ್ಲಿ ಅವನು ಸಿಂಧದ ಷಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳಿಸಿಕೊಟ್ಟ. ಷಾ ಹಸನನಿಗೆ ಆ ಆಟವೆಂದರೆ ಪ್ರೀತಿ. ಅವನೇ ಕೇಳಿ ತರಿಸಿಕೊಂಡದ್ದು.

ಮೊಗಲರ ಆಟದ ಒಂದು ಕಟ್ಟಿನಲ್ಲಿ 96 ಎಲೆಗಳು. ಎಂಟು ಜಾತಿ, ಒಂದೊಂದು ಜಾತಿಗೆ ಹನ್ನೆರಡು ಎಲೆ. ಒಂದರಿಂದ ಹತ್ತರವರೆಗೆ ಅಂಕಿಯವು, ಮೇಲೆ ಒಬ್ಬ ಮಂತ್ರಿ, ಅವನ ಮೇಲೆ ಒಬ್ಬ ರಾಜ. ಈ ಎಂಟು ಜಾತಿಗಳ ಗುರುತುಗಳನ್ನು ವಾಚಕರು ಸ್ವಲ್ಪ ಗಮನಿಸಬೇಕು: ಕಿರೀಟ, ಖಡ್ಗ, ಚಿನ್ನದ ನಾಣ್ಯ, ಬೆಳ್ಳಿಯ ನಾಣ್ಯ, ಸೇವಕ, ವಾದ್ಯ, ಸರಕು, ಫರ್ಮಾನು. ಇದೇನು ಆಟವೋ ಸರ್ಕಾರವೋ! ಖಜಾನೆ, ಸೇನೆ, ಉಗ್ರಾಣ, ದಫ್ತರ, ಎಲ್ಲವೂ ಅಂಗೈಯಷ್ಟು ಎಲೆಗಳಲ್ಲಿ ಅಡಗಿ ಕುಳಿತಿವೆ. ಅಬುಲ್ ಫಜಲ್ ತನ್ನ ಐನ್-ಇ-ಅಕ್ಬರಿಯಲ್ಲಿ ಹನ್ನೆರಡು ಜಾತಿಯ, 144 ಎಲೆಗಳ ಇನ್ನೊಂದು ಕಟ್ಟನ್ನೂ ವರ್ಣಿಸಿದ್ದಾನೆ. ಅದರಲ್ಲಿ ಅಶ್ವಪತಿ, ಗಜಪತಿ, ನರಪತಿ ಎಂದು ಒಂದೊಂದು ಜಾತಿಗೆ ಒಬ್ಬೊಬ್ಬ ಅರಸು. ಕುದುರೆಯ ಬಲವುಳ್ಳವನು ದಿಲ್ಲಿಯ ದೊರೆಯಂಥವನು, ಆನೆಯ ಬಲವುಳ್ಳವನು ಒರಿಸ್ಸಾದವನಂಥವನು. ಕಾಲಾಳಿನ ಬಲವುಳ್ಳ ನರಪತಿ ಯಾರಂಥವನೆಂದರೆ, ವಿಜಾಪುರದ ಅರಸನಂಥವನು! ಹೀಗೆ ನಮ್ಮ ಸೀಮೆ ಅಕ್ಬರನ ಆಟದ ಕಟ್ಟಿಗೂ ಸೇರಿಹೋಗಿದೆ.

ಆಟ ಊರೂರಿಗೆ ಹರಡಿದಂತೆ ದೇವರುಗಳೂ ಅದರೊಳಗೆ ಬಂದರು. ದಶಾವತಾರದ ಕಟ್ಟು ಹುಟ್ಟಿತು: ಮತ್ಸ್ಯದಿಂದ ಕಲ್ಕಿಯವರೆಗೆ ಹತ್ತು ಜಾತಿ, ಒಟ್ಟು 120 ಎಲೆ. ಮೂವರು ಆಡಿದರೆ ತಲಾ ನಲವತ್ತು. ಹಗಲಿನಲ್ಲಿ ಆಡುವಾಗ ರಾಮನ ಎಲೆ ಯಾರ ಕೈಯಲ್ಲಿದೆಯೋ ಅವರು ಆಟ ಆರಂಭಿಸಬೇಕು. ರಾತ್ರಿಯಾದರೆ ಕೃಷ್ಣನ ಎಲೆಯುಳ್ಳವರು. ಐದು ಜಾತಿಗಳಲ್ಲಿ ಮಂತ್ರಿಯ ಕೆಳಗೆ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದ ಐದರಲ್ಲಿ ಒಂದು ದೊಡ್ಡದು, ಹತ್ತು ಚಿಕ್ಕದು. ತುರುಫು ಇಲ್ಲ. ಯಾವ ಎಲೆ ಬಿದ್ದುಹೋಯಿತು, ಯಾವುದು ಇನ್ನೂ ಉಳಿದಿದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡವನೇ ಗೆಲ್ಲುವವನು.

ಶ್ರೀಮಂತರ ಕಟ್ಟುಗಳು ದಂತದವು, ಆಮೆಯ ಚಿಪ್ಪಿನವು. ಬಡವರವು ಕಾಗದ, ಬಟ್ಟೆ, ಮರದ ಬಿಲ್ಲೆಗಳು. ಮೊದಲಿನದಕ್ಕೆ ದರ್ಬಾರ್ ಕಲಂ ಎಂದೂ ಎರಡನೆಯದಕ್ಕೆ ಬಜಾರ್ ಕಲಂ ಎಂದೂ ಹೆಸರು. ನನ್ನವು ಬಜಾರ್ ಕಲಮಿಗೂ ಒಂದು ಮೆಟ್ಟಿಲು ಕೆಳಗಿನವು ಎಂದು ಒಪ್ಪಿಕೊಂಡುಬಿಡುತ್ತೇನೆ.

ಇನ್ನು ನಮ್ಮ ಮೈಸೂರಿಗೆ ಬರೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ, ಐದು ವರ್ಷದ ಮಗುವೊಂದನ್ನು ಸಿಂಹಾಸನದ ಮೇಲೆ ಕೂರಿಸಿದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು. ದಿವಾನ್ ಪೂರ್ಣಯ್ಯನವರು ಹನ್ನೊಂದು ಹನ್ನೆರಡು ವರ್ಷ ರಾಜ್ಯ ನಡೆಸಿ, ಆಮೇಲೆ ಅಧಿಕಾರವನ್ನು ಹದಿಹರೆಯದ ಅರಸರಿಗೆ ಬಿಟ್ಟುಕೊಟ್ಟರು. ಕಂಪನಿ ಸರ್ಕಾರಕ್ಕೆ ಪ್ರತಿವರ್ಷ ಏಳು ಲಕ್ಷ ವರಹ ಪೊಗದಿ ಸಲ್ಲಬೇಕಾಗಿತ್ತು. ಕಂದಾಯದ ಭಾರ ರೈತನ ಮೇಲೆ ಬಿತ್ತು. 1830ರಲ್ಲಿ ನಗರದ ಸೀಮೆಯ ರೈತರು ದಂಗೆಯೆದ್ದರು. ಮರುವರ್ಷ, 1831ರಲ್ಲಿ, ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಅರಸರ ಕೈಯಿಂದ ತೆಗೆದು ಕಮಿಷನರರಿಗೆ ವಹಿಸಿದ. ಆಗ ಅರಸರಿಗೆ ಮೂವತ್ತೇಳು ವರ್ಷ. ಅವರು 1868ರವರೆಗೆ ಬದುಕಿದ್ದರು. ಮತ್ತೂ ಮೂವತ್ತೇಳು ವರ್ಷ! ಬಿರುದು ಇದ್ದಿತು, ದಸರೆ ಇದ್ದಿತು, ಸಿಂಹಾಸನವಿದ್ದಿತು. ರಾಜ್ಯಭಾರ ಮಾತ್ರ ಇರಲಿಲ್ಲ. ಅದನ್ನು ಹಿಂದಕ್ಕೆ ಪಡೆಯಲು ಅವರು ಪತ್ರದ ಮೇಲೆ ಪತ್ರ ಬರೆದರು. ಕಡೆಗೆ ರಾಜ್ಯ ಮರಳಿ ಬಂದದ್ದು 1881ರಲ್ಲಿ, ಅವರ ದತ್ತುಪುತ್ರರ ಕೈಗೆ.

ಈ ಅರಸರಿಗೆ ಆಟಗಳೆಂದರೆ ಪ್ರಾಣ. ಚದುರಂಗದ ಕುದುರೆಯನ್ನು ಒಮ್ಮೆ ನಿಂತ ಮನೆಗೆ ಮತ್ತೆ ಬಾರದಂತೆ ಅರುವತ್ತನಾಲ್ಕು ಮನೆಗಳಲ್ಲೂ ಓಡಿಸುವ ಲೆಕ್ಕವನ್ನು ಅವರು ಹಲವು ಬಗೆಯಾಗಿ ಬಿಡಿಸಿದರು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿ ಎಂಬ ಮಹಾಗ್ರಂಥದಲ್ಲಿ ಒಂಬತ್ತು ನಿಧಿಗಳಿವೆ. ಶಕ್ತಿ, ವಿಷ್ಣು, ಶಿವ ಎಂದು ಮೊದಲಾಗುವ ಆ ಗ್ರಂಥದ ಕೊನೆಯ ಭಾಗ ಕೌತುಕನಿಧಿ. ಅಲ್ಲಿ ಎಲೆಯಾಟಗಳಿವೆ. ಅರಸರು ಎಲೆಗೆ ಕೊಟ್ಟ ಹೆಸರು ಛದ. ಸಂಸ್ಕೃತದಲ್ಲಿ ಛದವೆಂದರೂ ಎಲೆಯೇ. ನಮ್ಮ ಜನ ಇಸ್ಪೀಟಿನದನ್ನು ಎಲೆ ಎಂದು ಕರೆದದ್ದೂ ಅರಸರು ಛದ ಎಂದದ್ದೂ ಒಂದೇ ದಾರಿಯ ಮಾತುಗಳು. ಮೊಗಲರ ಆಟದ ಹನ್ನೆರಡು ಎಲೆ ಅವರಿಗೆ ಸಾಲಲಿಲ್ಲ. ಮೈಸೂರಿನ ಛದದಲ್ಲಿ ಸಾಮಾನ್ಯವಾಗಿ ಒಂದು ಜಾತಿಗೆ ಅಂಕಿಯ ಎಲೆ ಹನ್ನೆರಡು, ಆಸ್ಥಾನದ ಎಲೆ ಆರು. ಹದಿನೆಂಟು ಜಾತಿಗಳವರೆಗೆ ಹೋದ ಕಟ್ಟುಗಳೂ ಇದ್ದವು. ಇವುಗಳಲ್ಲಿ ಶಾಶ್ವತವಾದ ತುರುಫುಗಳುಂಟು, ಯಾವ ಎಲೆಯ ಜಾಗದಲ್ಲಿಯೂ ನಿಲ್ಲಬಲ್ಲ ಎಲೆಗಳುಂಟು. ಅರಮನೆಯ ಹೊರಗೆ ಇಂಥ ಆಟ ಹರಡದೆ ಹೋದದ್ದು ಆಶ್ಚರ್ಯವಲ್ಲ.

ರಾಜ್ಯವಿಲ್ಲದ ರಾಜ ಕಾಲಕಳೆಯಲು ಆಡಿಕೊಂಡ ಎಂದು ಇದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ವಿದ್ಯಾರ್ಥಿಯಾಗಿದ್ದಾಗ ನಾನೂ ಹಾಗೆಯೇ ತಳ್ಳಿಹಾಕಿದ್ದೆ. ನಗರದ ರೈತನ ಗೋಳನ್ನು ಯಾವ ಚಿತ್ರದ ಎಲೆಯೂ ಮುಚ್ಚಲಾರದೆಂದು ಈಗಲೂ ನಂಬಿದ್ದೇನೆ. ಆದರೆ ಕತ್ತರಿ ಕೈಗೆ ಬಂದ ಮೇಲೆ ಒಂದು ವಿಷಯ ತಿಳಿಯಿತು. ಹದಿನೆಂಟು ಜಾತಿಯ ಒಂದು ಕಟ್ಟೆಂದರೆ ಮುನ್ನೂರಕ್ಕೂ ಮಿಕ್ಕ ಎಲೆಗಳು. ಒಂದೊಂದಕ್ಕೂ ಹೆಸರು, ಸ್ಥಾನ, ಬಲ ಬೇಕು. ಯಾವುದು ಯಾವುದನ್ನು ಗೆಲ್ಲುತ್ತದೆ ಎಂಬ ನಿಯಮ ಬೇಕು. ಬರೆಯುವ ಚಿತ್ರಗಾರನಿಗೆ ತಿಂಗಳುಗಟ್ಟಲೆ ಅನ್ನ ಬೇಕು. ಬರಿಯ ಆಲಸ್ಯದಿಂದ ಇದಾಗುವುದಿಲ್ಲ. ಇದೂ ಒಂದು ಆಡಳಿತ. ಕೈಗೆ ಬಂದ ಅಷ್ಟನ್ನಾದರೂ ಕ್ರಮವಾಗಿ ನಡೆಸಬೇಕೆಂಬ ಹಟ ಅದರಲ್ಲಿ ಕಾಣುತ್ತದೆ.

ಅರಮನೆಯ ಆಟ ಅರಸರೊಂದಿಗೆ ಮುಗಿಯಿತು. ಹೊರಗಿನ ಗಂಜೀಫಾ ಮಾತ್ರ ಇನ್ನೂ ಸ್ವಲ್ಪ ಕಾಲ ಉಸಿರಾಡಿತು. ಯುರೋಪಿನಿಂದ ಅಚ್ಚಾಗಿ ಬಂದ ಐವತ್ತೆರಡು ಎಲೆಯ ಕಟ್ಟು ಅಗ್ಗ, ಕೈಗೆ ಹಗುರ, ಆಟ ಬೇಗ ಮುಗಿಯುತ್ತದೆ. ಅದರ ಮುಂದೆ 120 ಎಲೆಗಳನ್ನು ಕೈಯಿಂದ ಬರೆದು ಮಾರುವವನು ನಿಲ್ಲಲಾರದೆ ಹೋದ.

ಒಮ್ಮೆ ಬೆಳಗಾವಿಗೆ ಹೋದವನು ಅಂಬೋಲಿ ಘಟ್ಟವಿಳಿದು ಸಾವಂತವಾಡಿಗೆ ಹೋಗಿದ್ದೆ. ಆ ಊರು ಎರಡು ವಸ್ತುಗಳಿಗೆ ಪ್ರಸಿದ್ಧ: ಬಣ್ಣದ ಮರದ ಹಣ್ಣುಗಳು, ಗಂಜೀಫಾ ಎಲೆಗಳು. ಮರದ ಬಾಳೆಹಣ್ಣು, ಸೀತಾಫಲಗಳನ್ನು ನೋಡಿದರೆ ಸುಲಿಯಲು ಕೈ ಹೋಗಬೇಕು. ಅವಕ್ಕೆ ಕೊಳ್ಳುವವರಿದ್ದರು, ಬದುಕಿಕೊಂಡವು. ಎಲೆ ಬರೆಯುವವರು ಮಾತ್ರ ಕಡಮೆಯಾಗುತ್ತ ಬಂದು, ಕಡೆಗೆ ವಯಸ್ಸಾದ ಒಬ್ಬ ಚಿತ್ರಗಾರರಲ್ಲಿ ಆ ವಿದ್ಯೆ ಉಳಿದಿತ್ತು. 1970ರ ದಶಕದಲ್ಲಿ ಅಲ್ಲಿನ ರಾಜಮನೆತನದ ಶಿವರಾಮರಾಜೇ ಭೋಸಲೆ ಮತ್ತು ಅವರ ಪತ್ನಿ ಸತ್ತ್ವಶೀಲಾದೇವಿ ಆ ಕೆಲಸವನ್ನು ತಮ್ಮದಾಗಿ ಮಾಡಿಕೊಂಡರು. ರಾಣಿಯವರು ತಾವೇ ಕುಂಚ ಹಿಡಿದು ಕಲಿತರು. ಅರಮನೆಯ ದರ್ಬಾರು ಹಜಾರದಲ್ಲಿ ಊರಿನ ಚಿತ್ರಗಾರರನ್ನು ಕೂರಿಸಿ ಕೆಲಸ ಕೊಟ್ಟರು. ಇಲ್ಲಿಯೂ ರಾಜ್ಯ ಹೋದ ಮೇಲೆಯೇ ಎಲೆ ಕೈಗೆ ಬಂದದ್ದು! ಆದರೆ ಈ ಸಲ ಅದರಿಂದ ನಾಲ್ಕು ಮನೆಗಳಲ್ಲಿ ಒಲೆ ಉರಿಯಿತು. ನಮ್ಮಲ್ಲಿಯೂ ರಘುಪತಿ ಭಟ್ಟರು ಮೈಸೂರಿನ ಗಂಜೀಫಾ ಶೈಲಿಗೆ ಮರುಜೀವ ಕೊಟ್ಟರು. ಮೈಸೂರಿನ ಗಂಜೀಫಾಗೆ ಈಗ ಭೌಗೋಳಿಕ ಗುರುತಿನ ಮನ್ನಣೆಯೂ ಇದೆ. ಹಳೆಯ ಕಟ್ಟುಗಳನ್ನು ಪ್ರೀತಿಯಿಂದ ಕೂಡಿಸಿದ ರುಡಾಲ್ಫ್ ವಾನ್ ಲೇಡನ್ನರ ಪುಸ್ತಕ 1982ರಲ್ಲಿ ಲಂಡನ್ನಿನಿಂದ ಹೊರಬಂತು. ಹೀಗೆ ಕಲೆ ಉಳಿಯಿತು.

ಆಟ ಉಳಿಯಿತೇ? ನಾನು ಸಾವಂತವಾಡಿಯಿಂದ ತಂದ ಒಂದು ಎಲೆಯನ್ನು ಕಟ್ಟುಹಾಕಿಸಿ ಗೋಡೆಗೆ ತಗುಲಿಸಿದ್ದೆ. ಬಂದವರೆಲ್ಲ ಚೆನ್ನಾಗಿದೆ ಎಂದರು. ಅದರ ಬೆನ್ನು ಹೇಗಿದೆಯೆಂದು ಒಬ್ಬರೂ ಕೇಳಲಿಲ್ಲ. ಕೇಳುವ ಕಾರಣವೂ ಇರಲಿಲ್ಲ. ಆದರೆ ಎಲೆ ಮಾಡುವವನ ನಿಜವಾದ ಪರೀಕ್ಷೆ ಬೆನ್ನಿನಲ್ಲಿದೆ. ಮುಖದಲ್ಲಿ ನರಸಿಂಹನ ಕಣ್ಣು ಸ್ವಲ್ಪ ಓರೆಯಾದರೆ ಭಕ್ತರು ಕ್ಷಮಿಸುತ್ತಾರೆ. ಬೆನ್ನಿನಲ್ಲಿ ಒಂದು ಕಲೆ, ಒಂದು ಗೀರು, ಬಣ್ಣದಲ್ಲಿ ಒಂದಿಷ್ಟು ವ್ಯತ್ಯಾಸ ಬಂದರೂ ಎದುರಾಳಿಗೆ ಆ ಎಲೆಯ ಗುಟ್ಟು ಗೊತ್ತಾಗಿಬಿಡುತ್ತದೆ. ನೂರಿಪ್ಪತ್ತು ಎಲೆಗಳ ಬೆನ್ನೂ ಒಂದೇ ಆಗಿರಬೇಕು. ಹಿಂದಿನಿಂದ ನೋಡಿದರೆ ರಾಜನೂ ಅದೇ, ಮಂತ್ರಿಯೂ ಅದೇ, ಬರಿಯ ಒಂದು ಮೀನಿನ ಎಲೆಯೂ ಅದೇ. ಈ ನಿಯಮವನ್ನು ಚಿತ್ರಗಾರನಿಗೆ ಕಲಿಸಿದ್ದು ಆಟ. ಗೋಡೆಗೆ ಏರಿದ ಎಲೆಗೆ ಮುಖವಷ್ಟೇ ಸಾಕು. ಆಡುವವರು ಹೋದರೆ ಮೊದಲು ಕೆಡುವುದು ಯಾರೂ ನೋಡದ ಆ ಬೆನ್ನು.

ಇದು ಹೊಳೆದ ಮೇಲೆ ನನ್ನ ಗುರಿ ಬದಲಾಯಿತು. ಚೆಲುವಾದ ಎಲೆ ಬೇಡ, ಆಡಬಹುದಾದ ಎಲೆ ಬೇಕು. ಎರಡು ಬೇಸಗೆ ಕಳೆದವು. ಮೊದಲ ಕಟ್ಟು ಮಳೆಗಾಲಕ್ಕೆ ಹಪ್ಪಳದಂತೆ ಸೊಟ್ಟಗಾಯಿತು. ಎರಡನೆಯದರ ಅಂಟಿನ ರುಚಿ ಜಿರಳೆಗಳಿಗೆ ಹಿಡಿಸಿತು. ಮೂರನೆಯ ಬೇಸಗೆಯಲ್ಲಿ ಅಂಟಿಗೆ ಬೇವಿನೆಲೆಯ ಕಷಾಯ ಸೇರಿಸಿ, ಎರಡೂ ಬದಿಗೆ ಅರಗಿನ ವಾರ್ನಿಷ್ ಬಳಿದು, ಬೆನ್ನಿಗೆಲ್ಲ ಒಂದೇ ಡಬ್ಬಿಯ ಕೆಂಪು ಹಚ್ಚಿದೆ.

ಹೋದ ತಿಂಗಳು ಒಂದು ಸಂಜೆ ಕಟ್ಟು ಪೂರ್ತಿಯಾಯಿತು. ಹೆಡ್‌ಮಾಸ್ತರನ್ನು ಕರೆದೆ. ನನ್ನ ಹೆಂಡತಿ ಒಲೆಯ ಕೆಲಸ ಮುಗಿಸಿ ಬಂದು ಕುಳಿತಳು. ತಲಾ ನಲವತ್ತು ಎಲೆ ಹಂಚಿದೆ. ದೀಪ ಹಚ್ಚಿದ್ದರಿಂದ ಕೃಷ್ಣನ ಎಲೆಯಿದ್ದ ನನ್ನ ಹೆಂಡತಿಯದೇ ಮೊದಲ ಆಟ. ಯಾವ ಜಾತಿಯಲ್ಲಿ ಒಂದು ದೊಡ್ಡದು, ಯಾವುದರಲ್ಲಿ ಹತ್ತು ದೊಡ್ಡದು ಎಂಬುದರಲ್ಲಿ ನಾನೇ ಎರಡು ಸಲ ತಪ್ಪಿದೆ. ಹೆಡ್‌ಮಾಸ್ತರು ಮಾತ್ರ ಒಂದಾದ ಮೇಲೊಂದು ಸುತ್ತು ಗೆಲ್ಲುತ್ತ ಹೋದರು. ಲೆಕ್ಕದವರು, ನೆನಪು ಗಟ್ಟಿ ಎಂದುಕೊಂಡೆ. ಆಟ ಮುಗಿದ ಮೇಲೆ ನಕ್ಕು, “ಮೇಷ್ಟ್ರೇ, ನಿಮ್ಮ ವರಾಹರಾಜನ ಬೆನ್ನಿಗೆ ಅರಿಶಿನ ಹತ್ತಿದೆ, ನೋಡಿ. ಯಾರ ಕೈಲಿದ್ದಾನೆ ಅಂತ ಮೊದಲನೇ ಸುತ್ತಿಗೇ ಗೊತ್ತಾಯ್ತು” ಎಂದರು.

ನೋಡಿದೆ. ನಿಜವೇ, ಬೆರಳಗಲದ ಒಂದು ಹಳದಿ ಗುರುತು. “ನನ್ನ ಕೈಯಿಂದಲೇ ಆಗಿರಬೇಕು” ಎಂದು ನನ್ನ ಹೆಂಡತಿ ಬೇಸರಪಟ್ಟುಕೊಂಡಳು. ನನಗೆ ಬೇಸರವಾಗಲಿಲ್ಲ. ಮೂರು ಬೇಸಗೆಯಲ್ಲಿ ನನ್ನ ಎಲೆಯ ಬೆನ್ನನ್ನು ನೋಡಿದವರು ಅವರೊಬ್ಬರೇ. ಹೋಗುವಾಗ ಬಾಗಿಲಲ್ಲಿ ನಿಂತು, “ಬರೋ ಭಾನುವಾರ ಇನ್ನೊಂದು ಕೈ ಆಡೋಣವೇ?” ಎಂದರು.

ಭಾನುವಾರಕ್ಕೆ ಇನ್ನು ಮೂರು ದಿನವಿದೆ. ಹುಣಸೆಬೀಜ ನೆನೆಹಾಕಿದ್ದೇನೆ. ವರಾಹರಾಜನನ್ನು ಹೊಸದಾಗಿ ಮಾಡಬೇಕು.